ಕಿವಿ ಮೇಷ್ಟ್ರಿಗೆ ಕೇಳಿಸದ ಪ್ರಶ್ನೆಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೃತ್ತಿ ತರಬೇತಿ ಕಾಲೇಜಿನ ಹಿಂಬದಿಯ ಎಂಜಿನ್ ಶೆಡ್ಡಿನ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಒಂದೇ ಟ್ಯೂಬ್‌ಲೈಟು. ಅದರಡಿ ನೀಲಿ ಅಂಗಿ ತೊಟ್ಟ, ಮೀಸೆ ನರೆತ ಮನುಷ್ಯರೊಬ್ಬರು ಬೆಂಚು ಎಳೆದಾಡುತ್ತಿದ್ದಾರೆ. ಒಂದರ ಹಿಂದೊಂದು ಸಾಲಾಗಿ ನಿಂತಿದ್ದ ಬೆಂಚುಗಳು ಸ್ವಲ್ಪ ಹೊತ್ತಿನಲ್ಲೇ ಲಾಳದ ಆಕಾರಕ್ಕೆ ಬಾಗಿ ಕೂರುತ್ತವೆ. ಸಂಜೆ ಕಸ ಗುಡಿಸುವಾಕೆ ಅವನ್ನು ನೆಟ್ಟಗೆ ಸಾಲು ಮಾಡಿಟ್ಟು ಹೋಗುತ್ತಾರೆ, ಬೆಳಗ್ಗೆ ಇವರು ಮತ್ತೆ ಬಾಗಿಸುತ್ತಾರೆ. ಇಬ್ಬರಲ್ಲಿ ಯಾರೂ ಸೋಲೊಪ್ಪಿಲ್ಲ, ಯಾರೂ ಜಗಳಕ್ಕೂ ಹೋಗಿಲ್ಲ.

ಜೋಡಿಸಿದ ಮೇಲೆ ಅವರು ಒಂದೊಂದೇ ಬೆಂಚಿನ ಮೇಲೆ ಕೂತು ನೋಡುತ್ತಾರೆ. ಇಲ್ಲಿ ಕೂತವರ ಮುಖ ಬೋರ್ಡಿನ ಹತ್ತಿರ ನಿಂತವರಿಗೆ ಕಾಣುತ್ತದೆಯೇ? ಕಂಬ ಅಡ್ಡ ಬರುತ್ತದೆಯೇ? ಕಿಟಕಿಯ ಬೆಳಕು ಹಿಂದಿನಿಂದ ಬಿದ್ದು ತುಟಿ ಮಸುಕಾಗುತ್ತದೆಯೇ? ಒಂದು ಮೂಲೆಯಲ್ಲಿ ಕೂತವರು ತಲೆ ತಿರುಗಿಸಬೇಕಾಗುತ್ತದೆ ಅನ್ನಿಸಿ ಆ ಬೆಂಚನ್ನು ಗೇಣಷ್ಟು ಮುಂದೆ ತಳ್ಳುತ್ತಾರೆ. ಬಳಿಕ ಮೂರು ಕಾಲಿನ ಸ್ಟ್ಯಾಂಡಿಗೆ ಟ್ಯಾಬ್ಲೆಟ್ಟೊಂದನ್ನು ಸಿಕ್ಕಿಸಿ, ನಡುವೆ ನಿಂತ ಡೀಸೆಲ್ ಎಂಜಿನ್ನನ್ನು ಹಳೆ ಬಟ್ಟೆಯಿಂದ ಒರೆಸಿ, ತಣ್ಣಗಿನ ಕಬ್ಬಿಣದ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಎಲ್ಲ ಮುಗಿದ ಮೇಲಷ್ಟೇ ಜೇಬಿನಿಂದ ಪುಟ್ಟ ಡಬ್ಬಿ ಹೊರಬರುತ್ತದೆ. ಅದರೊಳಗೆ ಎರಡು ಶ್ರವಣ ಸಾಧನ.

‘ಈ ಕಿವಿ ಮಿಷನ್ ಹಾಕ್ಕೊಂಡ್ರೆ ಫ್ಯಾನಿನ ಸದ್ದೂ ಒಂದೇ, ಬೆಂಚಿನ ಸದ್ದೂ ಒಂದೇ, ಎಲ್ಲಾ ಒಟ್ಟಿಗೆ ನುಗ್ಗುತ್ತೆ. ಮಕ್ಕಳು ಬರೋವರೆಗೆ ಆ ಗಲಾಟೆ ನನಗ್ಯಾಕೆ?’ ಎನ್ನುತ್ತಾರೆ.

ಇವರನ್ನು ಕಾಲೇಜಿನಲ್ಲಿ ಕರೆಯುವುದು ‘ಕಿವಿ ಮೇಷ್ಟ್ರು’ ಎಂದು. ಇವತ್ತು ಹೊಸಬರು ಆ ಹೆಸರು ಕೇಳಿದರೆ, ಕಿವುಡರನ್ನು ಆಡಿಕೊಳ್ಳುತ್ತಿದ್ದಾರೇನೋ ಎಂದು ಮುಖ ಸಿಂಡರಿಸಿಕೊಳ್ಳುತ್ತಾರೆ. ಹೆಸರು ಬಂದದ್ದು ಹಾಗಲ್ಲ. ಒಂದು ಕಾಲಕ್ಕೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ನಿಂತರೆಂದರೆ ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದರು. ಬಸ್ಸಿನವರು, ಲಾರಿಯವರು ಕಾಲೇಜಿನ ಗೇಟಿನ ಮುಂದೆಯೇ ಗಾಡಿ ನಿಲ್ಲಿಸಿ, ‘ಸ್ವಲ್ಪ ಕಿವಿ ಕೊಡಿ ಮೇಷ್ಟ್ರೇ’ ಎಂದು ಕರೆಯುತ್ತಿದ್ದುದೂ ಉಂಟು. ಹಾಗೆ ಅಂಟಿಕೊಂಡ ಹೆಸರು ಅದು.

ಕಾಲೇಜಿಗೆ ಬರುವ ಮೊದಲು ಅವರು ಗ್ಯಾರೇಜಿನಲ್ಲಿದ್ದವರು. ತಗಡಿನ ಶೆಡ್ಡು, ನಾಲ್ಕೂ ಕಡೆ ಎಂಜಿನ್ನು, ನಡುವೆ ಸುತ್ತಿಗೆ. ಕಿವಿಗೆ ಹತ್ತಿ ಇಟ್ಟುಕೊಂಡವನನ್ನು ನೋಡಿ ಅಲ್ಲಿ ಎಲ್ಲರೂ ನಗುತ್ತಿದ್ದರಂತೆ. ‘ಕಿವಿ ಮುಚ್ಕೊಂಡು ರಿಪೇರಿ ಮಾಡೋದು ಕಣ್ಣು ಮುಚ್ಕೊಂಡು ಗಾಡಿ ಓಡಿಸಿದ ಹಾಗೆ ಅಂತಿದ್ವಿ. ಈಗ ನನ್ನ ಮಕ್ಕಳಿಗೆ ಕಿವಿ ಮುಚ್ಚಳ ಹಾಕದೆ ಎಂಜಿನ್ ಹತ್ರ ಬರಬೇಡಿ ಅಂತೀನಿ. ನಮಗೆ ಹೇಳೋರು ಇರಲಿಲ್ಲ. ಇದ್ದಿದ್ರೂ ಕೇಳ್ತಿರಲಿಲ್ಲ ಬಿಡಿ.’

ಕಿವಿ ಹೋಗುವುದೆಂದರೆ ಒಂದು ದಿನ ಬೆಳಗ್ಗೆದ್ದಾಗ ಎಲ್ಲ ನಿಶ್ಶಬ್ದ ಎಂದೇ ಅವರು ತಿಳಿದಿದ್ದರು. ಅವರ ಪಾಲಿಗೆ ಅದು ಕಳ್ಳನ ಹಾಗೆ ಬಂತು. ಗದ್ದಲದಲ್ಲಿ ಬಹುಕಾಲ ದುಡಿದವರಿಗೆ ಮೊದಲು ಮಾಯವಾಗುವುದು ತೆಳು ದನಿಗಳು. ಗುಡುಗುವ, ಗುಂಯ್ಗುಡುವ ಸದ್ದು ಕೊನೆಯವರೆಗೂ ಉಳಿದಿರುತ್ತದೆ. ಹಾಗಾಗಿ ಎಂಜಿನ್ನಿನ ಒಳಗಿನ ಬಡಿತ ಅವರಿಗೆ ನಿಚ್ಚಳವಾಗಿ ಕೇಳುತ್ತಿತ್ತು. ದಪ್ಪ ದನಿಯ ಹುಡುಗರ ಮಾತು ಮುಕ್ಕಾಲು ಪಾಲು ಕೇಳುತ್ತಿತ್ತು. ಹಿಂದಿನ ಬೆಂಚಿನಿಂದ ಬರುವ ಮೆಲು ದನಿ, ಅದರಲ್ಲೂ ಹುಡುಗಿಯರ ದನಿ, ಬಾಗಿಲವರೆಗೂ ಬಂದು ಒಳಗೆ ಬಾರದೆ ಹೋಗುತ್ತಿತ್ತು. ಬಾಗಿಲು ಮುಚ್ಚಿದೆ ಎಂಬುದು ಒಳಗಿದ್ದವರಿಗೇ ಗೊತ್ತಿರಲಿಲ್ಲ.

ಮನೆಯಲ್ಲಿ ಗೊತ್ತಿತ್ತು. ‘ಸೋಪು ತನ್ನಿ ಅಂದ್ರೆ ಸೊಪ್ಪು ತರ್ತಿದ್ರು. ಒಂದು ಸಲ ಅಲ್ಲ, ಎರಡು ಸಲ ಅಲ್ಲ. ಸೊಪ್ಪಲ್ಲಿ ಬಟ್ಟೆ ಒಗೀಲಾ ಅಂತ ಕೇಳಿದ್ರೆ, ನೀನು ಸಣ್ಣಗೆ ಮಾತಾಡ್ತೀಯ ಅಂತ ನನಗೇ ಬಯ್ತಿದ್ರು,’ ಎಂದು ಅವರ ಹೆಂಡತಿ ನಗುತ್ತಾರೆ. ‘ಡಾಕ್ಟ್ರ ಹತ್ರ ತೋರಿಸ್ರೀ ಅಂತ ಹೇಳಿ ಹೇಳಿ ನನ್ನ ಬಾಯಿ ಸವೀತು. ಎಂಜಿನ್ ಒಳಗಿನ ಸದ್ದು ಕೇಳೋ ಮನುಷ್ಯಂಗೆ ಕಿವಿ ಇಲ್ಲ ಅಂತೀಯಾ ಅಂತ ರೇಗೋರು.’

ಮೇಷ್ಟ್ರು ಪಕ್ಕದಲ್ಲಿ ಕೂತು ಹೆಂಡತಿಯ ತುಟಿಯನ್ನೇ ನೋಡುತ್ತಿದ್ದಾರೆ. ಅವರು ನಗುವುದಿಲ್ಲ.

ಅವರ ಬದುಕಿನ ತಿರುವು ಬಂದದ್ದು ಹೊಸ ಪ್ರಿನ್ಸಿಪಾಲರ ಜೊತೆ. ಬಂದ ವರ್ಷವೇ ಆಕೆ ಬೋಧಕರನ್ನೆಲ್ಲ ಕೂರಿಸಿಕೊಂಡು ಒಂದು ಯೋಜನೆ ಮುಂದಿಟ್ಟರು. ಇಬ್ಬಿಬ್ಬರು ಬೋಧಕರ ಜೋಡಿ. ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಹಿಂದೆ ಕೂತು ನೋಡಬೇಕು, ಟ್ಯಾಬ್ಲೆಟ್ಟಿನಲ್ಲಿ ಚಿತ್ರೀಕರಿಸಬೇಕು. ಆಮೇಲೆ ಇಬ್ಬರೇ ಕೂತು ಅದನ್ನು ನೋಡಿ ಮಾತಾಡಬೇಕು. ಜೋಡಿ ಒಂದೇ ವಿಭಾಗದವರಾಗಿರಬಾರದು, ಆಗ ಎಂಜಿನ್ನಿನ ಬಗ್ಗೆ, ಹೊಲಿಗೆಯ ಬಗ್ಗೆ ಮಾತು ಹೊರಟು ಪಾಠದ ಬಗ್ಗೆ ಮಾತೇ ಬರುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಚಿತ್ರ ಯಾರದೋ ಅದು ಅವರ ಸೊತ್ತು, ತಾವಾಗಿ ತೋರಿಸದೆ ಪ್ರಿನ್ಸಿಪಾಲರೂ ನೋಡುವಂತಿಲ್ಲ.

ಬೋಧಕರ ಕೋಣೆಯಲ್ಲಿ ಗುಸುಗುಸು ಎದ್ದಿತು. ಅತಿ ಜೋರಾಗಿ ಗೊಣಗಿದವರು ಕಿವಿ ಮೇಷ್ಟ್ರೇ. ‘ತಲೆ ನರೆತ ಮೇಲೆ ನನಗೆ ಪರೀಕ್ಷೆನಾ? ಪಾಠ ಮಾಡೋದನ್ನ ಯಾರೋ ಹಿಂದೆ ಕೂತು ಇಣುಕಿ ನೋಡೋದು ಅಂದ್ರೇನು ಅಂತ ಹಾರಾಡಿದ್ದೆ,’ ಎಂದು ಒಪ್ಪಿಕೊಳ್ಳುತ್ತಾರೆ. ಚೀಟಿ ಎತ್ತಿದಾಗ ಅವರಿಗೆ ಜೋಡಿಯಾಗಿ ಸಿಕ್ಕವರು ಹೊಲಿಗೆ ವಿಭಾಗದ ಮೇಡಂ. ಎಂಜಿನ್ ಶೆಡ್ಡಿನ ಎಣ್ಣೆ ವಾಸನೆಗೆ ಮೂಗು ಮುಚ್ಚಿಕೊಂಡೇ ಓಡಾಡುತ್ತಿದ್ದವರು.

ಮೊದಲ ಸರದಿ ಮೇಡಂ ಅವರದು. ಮೇಷ್ಟ್ರು ಹೊಲಿಗೆ ಹಾಲಿನ ಹಿಂಬದಿಯಲ್ಲಿ, ಅರ್ಧ ಹೊಲಿದ ಅಂಗಿಗಳ ರಾಶಿಯ ಪಕ್ಕ ಕೂತರು. ಮೇಡಂ ಮಕ್ಕಳಿಗೆ ಎದುರಾಗಿ ನಿಂತು ಕಾಲರ್ ಕೂರಿಸುವುದನ್ನು ತೋರಿಸುತ್ತಿದ್ದರು. ನೋಡುವ ಮಕ್ಕಳಿಗೆ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತಿತ್ತು. ಜಾಗ ಸಾಲದೆ ಮೇಡಂ ಬೆನ್ನ ಹಿಂದೆ ನಿಂತಿದ್ದ ಇಬ್ಬರು ಮಾತ್ರ ಬೇಗ ಕಲಿತುಬಿಟ್ಟಿದ್ದರು.

‘ಹೊಲಿಗೆ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ, ಅದಕ್ಕೇ ಅದು ಕಣ್ಣಿಗೆ ಬಿತ್ತು,’ ಎನ್ನುತ್ತಾರೆ ಮೇಡಂ. ‘ನಾನು ಅಷ್ಟು ವರ್ಷದಿಂದ ಕಾಲರ್ ಹೇಳಿಕೊಡ್ತಿದೀನಿ, ನನಗೇ ಹೊಳೆದಿರಲಿಲ್ಲ. ಆಮೇಲೆ ಟ್ಯಾಬ್ಲೆಟ್ಟನ್ನ ನನ್ನ ಭುಜದ ಮೇಲಿಂದ ಕಾಣೋ ಹಾಗೆ ಕಟ್ಟಿ ಗೋಡೆ ಮೇಲೆ ದೊಡ್ಡದಾಗಿ ತೋರಿಸಿದ್ವಿ. ಎಲ್ಲ ಮಕ್ಕಳೂ ನನ್ನ ಬೆನ್ನ ಹಿಂದೆ ನಿಂತ ಹಾಗಾಯ್ತು.’

ಆ ವಾರವೆಲ್ಲ ಮೇಷ್ಟ್ರು ಎದೆಯುಬ್ಬಿಸಿಕೊಂಡೇ ಓಡಾಡಿದರಂತೆ. ಮುಂದಿನ ವಾರ ಅವರ ಸರದಿ.

ಮೇಡಂ ಕರವಸ್ತ್ರ ಹಿಡಿದುಕೊಂಡೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಮೇಷ್ಟ್ರು ಸದ್ದುಗಳ ಪಾಠ ಎತ್ತಿಕೊಂಡಿದ್ದರು. ಅವರ ಪಾಠ ಕೇಳಲು ಚೆಂದ, ಎಂಜಿನ್ನಿನ ಒಂದೊಂದು ಕಾಯಿಲೆಯನ್ನೂ ಬಾಯಲ್ಲಿ ಸದ್ದು ಮಾಡಿ ತೋರಿಸುತ್ತಾರೆ. ಮಕ್ಕಳು ನಗುತ್ತಿದ್ದರು. ಪಾಠ ಮುಗಿಯಿತು. ಮೇಡಂ ಟ್ಯಾಬ್ಲೆಟ್ಟು ಎತ್ತಿಕೊಂಡು ಹೊರಟುಹೋದರು. ‘ನಿಜ ಹೇಳ್ಬೇಕಂದ್ರೆ ನನಗೆ ಸಿಟ್ಟು ಬಂದಿತ್ತು,’ ಎನ್ನುತ್ತಾರೆ. ‘ಎಷ್ಟು ಗರ್ವ ಈ ಮನುಷ್ಯಂಗೆ ಅನ್ನಿಸ್ತು. ನಾಳೆ ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ ಅಂತ ನಿರ್ಧಾರ ಮಾಡ್ಕೊಂಡೇ ಎದ್ದಿದ್ದೆ.’

ಮರುದಿನ ಊಟದ ಬಿಡುವಿನಲ್ಲಿ, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ ಟ್ಯಾಬ್ಲೆಟ್ಟು ನಿಲ್ಲಿಸಿ ಇಬ್ಬರೂ ನೋಡಲು ಕೂತರು. ಕಾಲೇಜು ತಂದಿದ್ದ ತಂತ್ರಾಂಶದಲ್ಲಿ, ಯಾರು ಏನು ಆಡಿದರೂ ಆ ಮಾತು ಪರದೆಯ ಕೆಳಗೆ ಅಕ್ಷರವಾಗಿ ಮೂಡುತ್ತಿತ್ತು. ಅದಕ್ಕೆ ಎಂಜಿನ್ನಿನ ಭಾಷೆ ಬಾರದು. ‘ಗ್ಯಾಸ್ಕೆಟ್’ ಎಂದರೆ ‘ಗ್ಯಾಸು ಕೆಟ್ಟು’ ಎಂದು ಬರೆಯಿತು, ‘ಟ್ಯಾಪೆಟ್’ ಎಂದರೆ ‘ತಪ್ಪೇಟು’ ಎಂದಿತು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಪರದೆಯ ಕೆಳಗೆ ಒಂದು ಸಾಲು ಮೂಡಿತು. ‘ಸರ್, ಈ ಸದ್ದು ಬೇರಿಂಗಿಂದ ಬರ್ತಿದೆಯೋ ವಾಲ್ವಿಂದ ಬರ್ತಿದೆಯೋ ಹೇಗೆ ಗೊತ್ತಾಗುತ್ತೆ?’

ಚಿತ್ರದಲ್ಲಿ ಮೇಷ್ಟ್ರು ಬೋರ್ಡಿನತ್ತ ತಿರುಗಿ ಮುಂದಿನ ವಿಷಯ ಬರೆಯತೊಡಗಿದರು. ಅದೇ ಸಾಲು ಮತ್ತೊಮ್ಮೆ ಮೂಡಿತು. ಮೇಷ್ಟ್ರು ಬರೆಯುತ್ತಲೇ ಇದ್ದರು. ಹಿಂದಿನ ಬೆಂಚಿನ ಹುಡುಗಿ ಎತ್ತಿದ್ದ ಕೈಯನ್ನು ಕೆಳಗಿಳಿಸಿ, ಪಕ್ಕದವಳತ್ತ ನೋಡಿ, ತಲೆ ತಗ್ಗಿಸಿಕೊಂಡದ್ದು ಸ್ಪಷ್ಟವಾಗಿ ಕಂಡಿತು.

‘ಇದು ಯಾವಾಗ ಕೇಳಿದ್ಲು?’ ಎಂದರು ಮೇಷ್ಟ್ರು.

‘ನಿನ್ನೆ ಸರ್. ನಾನು ಅವಳ ಪಕ್ಕದಲ್ಲೇ ಇದ್ದೆ. ಎರಡು ಸಲ ಕೇಳಿದ್ಲು.’

‘ಇಲ್ಲ ಮೇಡಂ. ಇದು ತಪ್ಪು ಬರೆದಿದೆ. ಗ್ಯಾಸು ಕೆಟ್ಟು ಅಂತ ಬರೀತಲ್ಲ, ಹಾಗೆ.’

ಮೇಡಂ ಚಿತ್ರವನ್ನು ಹಿಂದಕ್ಕೆ ಓಡಿಸಿ, ದನಿ ಪೂರ್ತಿ ಏರಿಸಿ ಮತ್ತೆ ಹಾಕಿದರು. ಹೊಲಿಗೆ ಯಂತ್ರದ ಮುಂದೆ ಕೂತು ಊಟ ಮಾಡುತ್ತಿದ್ದ ಹುಡುಗಿಯರು ತಿರುಗಿ ನೋಡಿದರು, ಅಷ್ಟು ಜೋರು. ಮೇಷ್ಟ್ರು ಕಿವಿಯನ್ನು ಟ್ಯಾಬ್ಲೆಟ್ಟಿಗೇ ಒತ್ತಿ ಹಿಡಿದರು. ಅವರ ದನಿ ಅವರಿಗೆ ಕೇಳಿತು. ಹುಡುಗಿಯ ದನಿ ಇರಬೇಕಾದ ಜಾಗದಲ್ಲಿ ಫ್ಯಾನಿನ ಗುಂಯ್ ಎಂಬ ಸದ್ದು ಮಾತ್ರ ಇತ್ತು.

ಮೇಡಂ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಇಬ್ಬರೂ ಪೂರ್ತಿ ಪಾಠವನ್ನು ನೋಡಿದರು. ಒಂದು ಪಾಠದಲ್ಲಿ ಮೇಷ್ಟ್ರಿಗೆ ಕೇಳಿಸದೆ ಹೋದ ಐದಾರು ಪ್ರಶ್ನೆ. ಬುತ್ತಿಯ ಡಬ್ಬಿ ತೆರೆಯದೆ ಹಾಗೇ ಉಳಿಯಿತು. ಕೊನೆಗೆ ಮೇಡಂ, ‘ಇದು ನಮ್ಮಿಬ್ಬರಲ್ಲೇ ಇರಲಿ ಸರ್. ಅಳಿಸಿಬಿಡ್ತೀನಿ. ನೀವು ಮೊದಲು ಡಾಕ್ಟ್ರನ್ನ ನೋಡಿ,’ ಎಂದರು. ಕಿವಿ ಕೇಳಿಸದವರು ಓಡುವ ಎಂಜಿನ್ನಿನ ಬಳಿ ಒಬ್ಬರೇ ಮಕ್ಕಳನ್ನು ನಿಲ್ಲಿಸಿಕೊಳ್ಳುವಂತಿಲ್ಲ ಎಂಬ ನಿಯಮ ಇಬ್ಬರಿಗೂ ಗೊತ್ತಿತ್ತು. ನಿವೃತ್ತಿಗೆ ಕೆಲವೇ ವರ್ಷ ಬಾಕಿ. ವಿಷಯ ಹೊರಬಿದ್ದರೆ ಶೆಡ್ಡು ಕೈತಪ್ಪುತ್ತದೆ.

‘ಅಳಿಸಬೇಡಿ,’ ಎಂದಷ್ಟೇ ಹೇಳಿ ಮೇಷ್ಟ್ರು ಎದ್ದುಹೋದರು.

ಅವರ ತಲೆಯಲ್ಲಿ ಶೆಡ್ಡಿನ ಚಿಂತೆ ಇರಲಿಲ್ಲ. ಹಳೆಯ ತಂಡವೊಂದರಲ್ಲಿದ್ದ ಒಬ್ಬಳೇ ಹುಡುಗಿಯ ನೆನಪು ಬಂದಿತ್ತು. ಎಂಜಿನ್ ವಿಭಾಗಕ್ಕೆ ಹುಡುಗಿಯರು ಬರಲು ಶುರುವಾಗಿದ್ದೇ ಅವಳಿಂದ. ಮನೆಯಲ್ಲಿ ಹಟ ಹಿಡಿದು ಸೇರಿದವಳು, ಹಿಂದಿನ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ವರ್ಷದ ನಡುವೆ ಅವಳ ಅಪ್ಪ ಬಂದು, ‘ನನ್ನ ಮಗಳು ಹೇಗೆ ಕಲೀತಿದಾಳೆ?’ ಎಂದು ಕೇಳಿದ್ದರು. ಮೇಷ್ಟ್ರು ಕೊಟ್ಟ ಉತ್ತರ ಅವರಿಗೆ ಅಕ್ಷರಶಃ ನೆನಪಿದೆ.

‘ಕೈಯೇನೋ ಚುರುಕು. ಆದ್ರೆ ಆಸಕ್ತಿ ಕಮ್ಮಿ. ಒಂದು ದಿನ ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಿದ್ದಿಲ್ಲ ಅಂದಿದ್ದೆ,’ ಎನ್ನುತ್ತಾರೆ. ಈ ಮಾತು ಹೇಳುವಾಗ ಅವರು ಎದುರಿನವರ ಮುಖ ನೋಡುವುದಿಲ್ಲ. ಅದಾಗಿ ಕೆಲವೇ ದಿನಗಳಲ್ಲಿ ಅವಳು ಕಾಲೇಜು ಬಿಟ್ಟಳು. ಆಮೇಲೆ ಯಾರಾದರೂ ಹುಡುಗಿಯರ ವಿಚಾರ ಎತ್ತಿದರೆ, ‘ಬರ್ತಾರೆ, ನಿಲ್ಲಲ್ಲ’ ಎಂದು ಅವಳ ಉದಾಹರಣೆಯನ್ನೇ ಕೊಡುತ್ತಿದ್ದರು.

ಆ ಸಂಜೆ ಮನೆಯಲ್ಲಿ ಅವರು ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ‘ನನಗೆ ಕಿವಿ ಕೇಳಿಸಲ್ಲ ಕಣೇ,’ ಎಂದರು. ಆಕೆ, ‘ಹಾಗಾದ್ರೆ ನಾನು ಇಷ್ಟು ವರ್ಷ ಬೈದಿದ್ದೆಲ್ಲಾ ದಂಡನಾ?’ ಎಂದರಂತೆ. ಅವತ್ತು ಇಬ್ಬರೂ ನಕ್ಕರು. ಆಮೇಲೆ ಆಕೆ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದದ್ದು ಅವರಿಗೆ ಗೊತ್ತಾಯಿತು. ಅದು ಕಾಣುವ ಸಂಗತಿ, ಕೇಳುವಂಥದ್ದಲ್ಲ.

ಪರೀಕ್ಷೆ ಆಯಿತು, ಕಿವಿಗೆ ಸಾಧನ ಬಂತು. ಅದನ್ನು ಹಾಕಿಕೊಂಡು ಮೇಷ್ಟ್ರು ಮೊದಲು ಹೋದದ್ದು ಪೇಟೆಯ ಬಿಡಿಭಾಗದ ಅಂಗಡಿಯೊಂದಕ್ಕೆ. ಕಾಲೇಜು ಬಿಟ್ಟುಹೋದ ಆ ಹುಡುಗಿ ಅಲ್ಲಿ ಕೆಲಸಕ್ಕಿದ್ದಾಳೆ ಎಂಬುದು ಅವರ ಕಿವಿಗೆ ಬಿದ್ದು ಬಹಳ ದಿನವಾಗಿತ್ತು, ಆದರೆ ಆ ಅಂಗಡಿಯ ಕಡೆ ಅವರು ಹೋಗುತ್ತಿರಲಿಲ್ಲ. ಈಗ ಆಕೆಯೇ ಕೌಂಟರಿನ ಹೊಣೆ ಹೊತ್ತವರು. ಹಿಂದೆ ಚಾವಣಿಯವರೆಗೂ ಖಾನೆಗಳು. ಮೆಕ್ಯಾನಿಕ್ಕುಗಳು ಬಂದು ಅರ್ಧ ಹೆಸರು ಹೇಳುವಷ್ಟರಲ್ಲಿ ಆಕೆಯ ಕೈ ಸರಿಯಾದ ಖಾನೆಗೆ ಹೋಗಿರುತ್ತದೆ.

‘ಏನು ಬೇಕಿತ್ತು ಸರ್?’ ಎಂದು ಆಕೆ ಕೇಳಿದರು. ಗುರುತು ಹಿಡಿದಿದ್ದರು, ತೋರಿಸಿಕೊಳ್ಳಲಿಲ್ಲ.

‘ಏನೂ ಬೇಡಮ್ಮ. ನೀನು ನನ್ನ ಕ್ಲಾಸಲ್ಲಿ ಪ್ರಶ್ನೆ ಕೇಳ್ತಿದ್ದೆಯಾ?’

ಆಕೆ ಕೈಯಲ್ಲಿದ್ದ ಫಿಲ್ಟರನ್ನು ಕೆಳಗಿಟ್ಟರು. ‘ಕೇಳ್ತಿದ್ದೆ.’

‘ನನಗೆ ಕೇಳಿಸ್ತಿರಲಿಲ್ಲ,’ ಎಂದರು ಮೇಷ್ಟ್ರು. ಕಿವಿಯ ಹಿಂದಿನ ಸಾಧನವನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ‘ಆಗಲೂ ಹೀಗೇ ಇತ್ತು. ನನಗೇ ಗೊತ್ತಿರಲಿಲ್ಲ.’

ಆಕೆ ಏನೋ ಹೇಳಿದರು. ಹೊರಗೆ ಲಾರಿಯೊಂದು ಹಾದುಹೋಯಿತು, ಮೇಷ್ಟ್ರಿಗೆ ಏನೂ ತಿಳಿಯಲಿಲ್ಲ. ‘ಇನ್ನೊಂದು ಸಲ ಹೇಳಮ್ಮ’ ಎಂದರು. ಆಕೆ ಕೌಂಟರಿನ ಮರದ ಹಲಗೆ ಎತ್ತಿ ಈಚೆ ಬಂದು, ಎದುರಿಗೆ ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದರು.

‘ನಾನು ಹುಡುಗಿ ಅಂತ ನೀವು ಉತ್ತರ ಕೊಡ್ತಿಲ್ಲ ಅಂದ್ಕೊಂಡಿದ್ದೆ ಸರ್. ಹುಡುಗ್ರು ಕೇಳಿದ್ರೆ ಹೇಳ್ತಿದ್ರಿ, ನಾನು ಕೇಳಿದ್ರೆ ಬೋರ್ಡ್ ಕಡೆ ತಿರುಗ್ತಿದ್ರಿ. ಮನೇಲಿ ಹೇಳಿದ್ರೆ ಅಪ್ಪ, ನೀನು ಬಾಯೇ ಬಿಡಲ್ಲ ಅಂತ ನಿಮ್ಮ ಮೇಷ್ಟ್ರೇ ಹೇಳಿದ್ರಲ್ಲ ಅಂದ್ರು. ಇಬ್ಬರಲ್ಲಿ ಯಾರನ್ನ ನಂಬ್ತಾರೆ?’

ಮೇಷ್ಟ್ರು, ‘ಏನು ಕೇಳಿದ್ದೆ? ಒಂದಾದ್ರೂ ನೆನಪಿದೆಯಾ?’ ಎಂದರು.

‘ಎಂಜಿನ್ ತಣ್ಣಗಿದ್ದಾಗ ಬರೋ ಬಡಿತ ಬಿಸಿಯಾದ್ಮೇಲೆ ಯಾಕೆ ಹೋಗುತ್ತೆ ಅಂತ.’

‘ಅದು ಪಿಸ್ಟನ್ನು…’

‘ಗೊತ್ತಾಯ್ತು ಸರ್. ಬಿಸಿಗೆ ಪಿಸ್ಟನ್ ಹಿಗ್ಗುತ್ತೆ, ಸಂದು ಮುಚ್ಚುತ್ತೆ. ಇಲ್ಲಿಗೆ ಬರೋ ಮೆಕ್ಯಾನಿಕ್ ಒಬ್ಬರು ಹೇಳಿದ್ರು.’

ಓದನ್ನು ಬಿಟ್ಟಲ್ಲಿಂದ ಮುಂದುವರಿಸಬಹುದು, ಪ್ರಿನ್ಸಿಪಾಲರ ಹತ್ತಿರ ನಾನೇ ಮಾತಾಡುತ್ತೇನೆ ಎಂದು ಮೇಷ್ಟ್ರು ಹೇಳಿದರು. ಆಕೆ ಬೇಡವೆಂದು ತಲೆಯಾಡಿಸಿದರು. ಮಗುವಿದೆ, ಅಂಗಡಿಯಿದೆ, ಆ ಹಟ ಈಗ ಉಳಿದಿಲ್ಲ ಎಂದರು. ಹೊರಡುವಾಗ ಆಕೆ ಹೇಳಿದ ಮಾತನ್ನು ಮೇಷ್ಟ್ರು ಯಾರೇ ಕೇಳಿದರೂ ಹೇಳುತ್ತಾರೆ. ‘ಇಷ್ಟು ವರ್ಷ ನಿಮ್ಮ ಮೇಲೆ ಸಿಟ್ಟು ಇಟ್ಕೊಂಡಿದ್ದೆ ಸರ್. ಈಗ ಆ ಸಿಟ್ಟನ್ನ ಎಲ್ಲಿಡ್ಲಿ?’

 

ತಿಂಗಳ ಕೊನೆಯ ಬೋಧಕರ ಸಭೆಯಲ್ಲಿ, ಯಾರೂ ಕೇಳದಿದ್ದರೂ, ಅವರು ತಮ್ಮ ಚಿತ್ರವನ್ನು ಗೋಡೆಯ ಮೇಲೆ ಹಾಕಿಸಿದರು. ಅಕ್ಷರಗಳು ಮೂಡುವಾಗ ಬೆರಳು ಮಾಡಿ ತೋರಿಸಿದರು. ‘ಇಲ್ಲಿ ಕೇಳಿದ್ಲು. ಇಲ್ಲಿ ನಾನು ಬೆನ್ನು ತಿರುಗಿಸಿದೆ. ಇಲ್ಲಿ ಮತ್ತೆ ಕೇಳಿದ್ಲು.’ ಅಂಗಡಿಯ ವಿಷಯವನ್ನೂ ಹೇಳಿದರು. ಆಕೆ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು, ತನ್ನ ಹೆಸರು ಎತ್ತಬಾರದು ಎಂಬ ಒಂದೇ ಷರತ್ತಿನ ಮೇಲೆ. ‘ಸಭೆಯಲ್ಲಿ ಸೂಜಿ ಬಿದ್ದರೂ ಕೇಳಿಸೋ ಹಾಗಿತ್ತು ಅಂತ ಆಮೇಲೆ ಮೇಡಂ ಹೇಳಿದ್ರು. ನನಗೆ ಯಾವ ಸಭೆಯಾದ್ರೂ ಅಷ್ಟೇ,’ ಎಂದು ಮೇಷ್ಟ್ರು ಇಲ್ಲಿ ಮಾತ್ರ ಸಣ್ಣಗೆ ನಗುತ್ತಾರೆ.

ಆಗಬೇಕಾದದ್ದು ಆಯಿತು. ಪ್ರಿನ್ಸಿಪಾಲರು ಅವರ ಕೈ ಹಿಡಿದು ಮೆಚ್ಚುಗೆಯ ಮಾತಾಡಿದರು, ನಿಯಮವನ್ನು ಮಾತ್ರ ಸಡಿಲಿಸಲಿಲ್ಲ. ಓಡುವ ಎಂಜಿನ್ನಿನ ಪಾಠ ಮೇಷ್ಟ್ರ ಹಳೆಯ ವಿದ್ಯಾರ್ಥಿಯಾಗಿದ್ದ ಕಿರಿಯ ಬೋಧಕರೊಬ್ಬರ ಪಾಲಾಯಿತು. ನಿಂತ ಎಂಜಿನ್ನು ಮಾತ್ರ ಮೇಷ್ಟ್ರದು. ಬಿಚ್ಚುವುದು, ಜೋಡಿಸುವುದು, ಬೋರ್ಡಿನ ಪಾಠ. ಕೀಲಿ ತಿರುಗಿಸುವ ಹೊತ್ತಿಗೆ ಅವರು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ.

‘ಮೊದಲ ದಿನ ನನಗೆ ಕಷ್ಟವಾಯ್ತು,’ ಎನ್ನುತ್ತಾರೆ ಕಿರಿಯ ಬೋಧಕರು. ‘ನನಗೆ ಕಿವಿ ಹಚ್ಚೋದು ಕಲಿಸಿದವರೇ ಅವರು. ಅವರ ಎದುರು ಅವರ ಎಂಜಿನ್ ನಾನು ಸ್ಟಾರ್ಟ್ ಮಾಡೋದು ಹೇಗೆ? ಅವರೇ ಬೆನ್ನು ತಟ್ಟಿ, ತಿರುಗಿಸೋ ಮಾರಾಯ, ಹೊತ್ತಾಗುತ್ತೆ ಅಂದ್ರು.’

ಈಗ ಇಬ್ಬರೂ ಕೂಡಿಯೇ ಪಾಠ ಮಾಡುತ್ತಾರೆ. ಕಿರಿಯರು ಎಂಜಿನ್ನಿಗೆ ಮೈಕು ಹಚ್ಚಿದರೆ ಸದ್ದು ಪರದೆಯ ಮೇಲೆ ಗೆರೆಗಳಾಗಿ ಕುಣಿಯುತ್ತದೆ. ಯಾವ ಗೆರೆ ಯಾವ ಕಾಯಿಲೆ ಎಂದು ಮೇಷ್ಟ್ರು ಕೋಲು ಹಿಡಿದು ತೋರಿಸುತ್ತಾರೆ. ಇದನ್ನು ಹೊಂದಿಸಲು ಇಬ್ಬರೂ ರಜೆಯ ದಿನಗಳನ್ನು ಶೆಡ್ಡಿನಲ್ಲೇ ಕಳೆದರು. ಮಕ್ಕಳು ಪ್ರಶ್ನೆ ಕೇಳುವಾಗ ಎದ್ದು ನಿಲ್ಲಬೇಕು, ಮೇಷ್ಟ್ರ ಮುಖ ನೋಡಬೇಕು. ಆದರೂ ತಪ್ಪಿದರೆ ಟ್ಯಾಬ್ಲೆಟ್ಟಿನಲ್ಲಿ ಅಕ್ಷರ ಮೂಡುತ್ತದೆ, ಗ್ಯಾಸು ಕೆಟ್ಟರೂ ಅರ್ಥವಾಗುತ್ತದೆ. ಬೇರಿಂಗ್, ವಾಲ್ವ್ ಎಂದು ಕೇಳಿದ್ದ ಹುಡುಗಿಗೆ ಮೇಷ್ಟ್ರು ಒಂದು ಇಡೀ ತರಗತಿಯನ್ನೇ ಕೊಟ್ಟು ಉತ್ತರ ಹೇಳಿದರು. ‘ಇಷ್ಟೊಂದು ಬೇಕಿರಲಿಲ್ಲ ಸರ್’ ಎಂದಳಂತೆ.

ದಿನಕ್ಕೆ ಎರಡು ತಂಡ, ತಂಡಕ್ಕೆ ಇಪ್ಪತ್ತರ ಆಸುಪಾಸು ಮಕ್ಕಳು. ಅದರ ಮೇಲೆ ವಾರಕ್ಕೊಮ್ಮೆ ಬೇರೆಯವರ ತರಗತಿಯ ಹಿಂದಿನ ಬೆಂಚು. ಅವರ ಆ ಸಭೆಯ ನಂತರ ಚಿತ್ರ ತೋರಿಸಲು ಹಿಂಜರಿಯುತ್ತಿದ್ದ ಇತರರೂ ಒಬ್ಬೊಬ್ಬರಾಗಿ ಮುಂದೆ ಬಂದಿದ್ದಾರೆ. ನಲ್ಲಿ ಕೆಲಸ ಕಲಿಸುವವರು ತಾವು ಮುಂದಿನ ಬೆಂಚಿನವರನ್ನು ಬಿಟ್ಟು ಯಾರನ್ನೂ ಎಬ್ಬಿಸುವುದಿಲ್ಲ ಎಂದು ಕಂಡುಕೊಂಡು ಪೆಚ್ಚಾದರು. ಕಂಪ್ಯೂಟರ್ ಕಲಿಸುವ ಮೇಡಂ, ಮಕ್ಕಳು ಬರೆದುಕೊಳ್ಳುವ ಮೊದಲೇ ಬೋರ್ಡು ಒರೆಸುವವರು. ‘ನನ್ನ ಮದುವೆ ವಿಡಿಯೋದಲ್ಲೂ ನಾನು ಇಷ್ಟು ಕೆಟ್ಟದಾಗಿ ಕಂಡಿರಲಿಲ್ಲ’ ಎಂದು ಅವರು ನಕ್ಕರೂ, ಮರುದಿನದಿಂದ ಡಸ್ಟರನ್ನು ಒಬ್ಬ ವಿದ್ಯಾರ್ಥಿಯ ಕೈಗೆ ಕೊಟ್ಟಿದ್ದಾರೆ. ‘ಎಲ್ಲಾ ಬರ್ಕೊಂಡ್ವಿ’ ಎಂದು ಅವನು ಎದ್ದು ಬಂದು ಒರೆಸಬೇಕು.

ಇದೆಲ್ಲ ಒಳ್ಳೆಯದೇ. ಹೀಗೆ ಯಾರಾದರೂ ಹೊಗಳಿದರೆ ಮೇಷ್ಟ್ರು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ, ಇಲ್ಲವೇ ಕೇಳಿಸದವರ ಹಾಗೆ ಇದ್ದುಬಿಡುತ್ತಾರೆ. ‘ಈಗಿನ ಮಕ್ಕಳಿಗೆ ಆಯ್ತು. ಮೊದಲಿನವರಿಗೆ? ಎಷ್ಟು ಜನ ಹಿಂದೆ ಕೂತು ಕೇಳಿ ಕೇಳಿ, ನಾನು ದಡ್ಡ, ನನ್ನ ಪ್ರಶ್ನೆಗೆ ಬೆಲೆ ಇಲ್ಲ ಅಂದ್ಕೊಂಡು ಹೋದರೋ. ಅವರ ವಿಡಿಯೋ ಯಾರ ಹತ್ರ ಇದೆ?’

ಅದಕ್ಕಾಗಿ ಅವರು ಹೊಸದೊಂದು ಕೆಲಸ ಹಚ್ಚಿಕೊಂಡಿದ್ದಾರೆ. ಹಳೆಯ ವಿದ್ಯಾರ್ಥಿಗಳ ನಂಬರುಗಳನ್ನು ಅವರಿವರನ್ನು ಕೇಳಿ ಹುಡುಕುತ್ತಾರೆ. ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸದ ಕಾರಣ ಸಂದೇಶ ಬರೆಯುತ್ತಾರೆ. ಬರೆಯಲು ನೆರವಾಗುವವರು ಹೊಲಿಗೆ ಮೇಡಂ. ‘ನನ್ನ ತರಗತಿಯಲ್ಲಿ ನೀವು ಕೇಳಿ, ನಾನು ಉತ್ತರ ಕೊಡದೆ ಉಳಿದ ಪ್ರಶ್ನೆ ಇದ್ದರೆ ತಿಳಿಸಿ. ಆಗ ನನಗೆ ಕಿವಿ ಕೇಳಿಸುತ್ತಿರಲಿಲ್ಲ.’ ಇಷ್ಟೇ ಒಕ್ಕಣೆ.

ಉತ್ತರಗಳು ಬರುತ್ತವೆ. ‘ಊಟಕ್ಕೆ ಬಿಡ್ತೀರಾ ಅಂತ ಕೇಳಿದ್ದೆ ಸರ್, ಇನ್ನೂ ಕಾಯ್ತಿದೀನಿ’ ಎಂದು ಒಬ್ಬ ಬರೆದಿದ್ದ. ‘ನಾವೇ ನಿಮ್ಮ ಮಾತು ಕೇಳ್ತಿರಲಿಲ್ಲ, ಲೆಕ್ಕ ಸಮವಾಯ್ತು’ ಎಂದು ಇನ್ನೊಬ್ಬ. ಕೆಲವರು ನಿಜವಾದ ಪ್ರಶ್ನೆ ಕಳಿಸುತ್ತಾರೆ. ಅವಕ್ಕೆ ಮೇಷ್ಟ್ರು ಎಂಜಿನ್ನಿನ ಮುಂದೆ ನಿಂತು, ಬಿಚ್ಚಿ ತೋರಿಸುತ್ತಾ ಉತ್ತರ ಹೇಳುತ್ತಾರೆ, ಮೇಡಂ ಚಿತ್ರ ತೆಗೆಯುತ್ತಾರೆ. ಈಗ ಅವರು ಮೂಗು ಮುಚ್ಚಿಕೊಳ್ಳುವುದಿಲ್ಲ. ಬಿಡಿಭಾಗದ ಅಂಗಡಿಯ ಆಕೆಗೂ ಮೇಷ್ಟ್ರು ಪಿಸ್ಟನ್ನಿನ ಉತ್ತರದ ಚಿತ್ರ ಕಳಿಸಿದ್ದರು. ನೋಡಿದ ಗುರುತು ಬಿದ್ದಿದೆ, ಮರುಮಾತು ಬಂದಿಲ್ಲ. ಅವರು ಮತ್ತೆ ಕಳಿಸಿಲ್ಲ. ‘ಅವಳ ಹತ್ರ ಎರಡನೇ ಸಲ ಕೇಳೋ ಹಕ್ಕು ನನಗಿಲ್ಲ,’ ಎನ್ನುತ್ತಾರೆ.

ಹೆಚ್ಚಿನವರದು ಹೀಗೆಯೇ. ಹುಡುಗಿಯರಲ್ಲಿ ಉತ್ತರ ಬರೆದವರು ಬಹಳ ಕಡಿಮೆ. ನಂಬರು ಬದಲಾಗಿರಬಹುದು, ಬಿಡುವಿಲ್ಲದಿರಬಹುದು, ಹಳೆಯದನ್ನು ಕೆದಕುವುದು ಬೇಡವಾಗಿರಬಹುದು. ಮೇಷ್ಟ್ರು ಕಾರಣ ಹುಡುಕಲು ಹೋಗುವುದಿಲ್ಲ.

ಮುಂದಿನ ವರ್ಷ ಅವರಿಗೆ ನಿವೃತ್ತಿ. ಕಾಲೇಜಿನಿಂದ ಏನಾದರೂ ಬೇಕೇ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸುತ್ತಾರೆ. ಹೊರಗೆ ಮಕ್ಕಳು ಒಬ್ಬೊಬ್ಬರಾಗಿ ಬರುತ್ತಿದ್ದಾರೆ, ಶೆಡ್ಡಿನ ಬಾಗಿಲಲ್ಲಿ ಅವರ ನೆರಳು ಬಿದ್ದದ್ದು ಕಂಡು ಅವರು ಎದ್ದು ನಿಲ್ಲುತ್ತಾರೆ.

‘ಕ್ಷಮಿಸಿದೀನಿ ಅಂತ ಯಾರೂ ಹೇಳೋದು ಬೇಡ. ಅದು ಅವರಿಗೆ ಬಿಟ್ಟಿದ್ದು. ಅವತ್ತು ಏನು ಕೇಳಿದ್ರಿ ಅಂತ ಇನ್ನೊಂದೇ ಒಂದು ಸಲ ಹೇಳಿದ್ರೆ ಸಾಕು. ಉತ್ತರ ನನಗೆ ಗೊತ್ತಿತ್ತು.’